ಬಸ್ಸಿನ ಮೆಟ್ಟಿಲೂ ನಮ್ಮ ಮನೆಯ ಮಣೆಯೂ

ನಮ್ಮ ಮನೆಯಲ್ಲಿ ಕಾಲಿನ ಶಕ್ತಿ ಕಡಿಮೆ ಇರುವುದು ಅಕ್ಕನಿಗೆ. ಕಾಲು ನಡುಗುವುದು ನನಗೆ. ಸಂಜೆ ಎಲ್ಲಿಂದಲಾದರೂ ಬಸ್ಸಿನ ಹಾರ್ನು ಕೇಳಿದರೆ ಸಾಕು, ನನ್ನ ಮೊಣಕಾಲುಗಳು ತಮ್ಮತಮ್ಮಲ್ಲೇ ಮಾತಾಡಲು ಶುರುಮಾಡುತ್ತವೆ. ಎದುರಿಗೆ ಕೂತು ತನ್ನ ಮೊಣಕಾಲಿಗೆ ಔಡಲೆಣ್ಣೆ ತಿಕ್ಕುತ್ತಿರುವ ಅಕ್ಕ ತಲೆ ಎತ್ತದೆಯೇ, “ತಮ್ಮಾ, ಬಾಟ್ಲಿ ಇಲ್ಲೇ ಐತಿ. ನಿನಗೂ ಒಂದೀಟು ಹಚ್ಚಲೇನು?” ಎನ್ನುತ್ತಾಳೆ.

ಅಕ್ಕ ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದರಿಂದ ನನ್ನ ಅಕ್ಕ ಊರಿಗೆಲ್ಲ ಅಕ್ಕ. ನಾನು ಅದೇ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತ. ವಿಜಾಪುರದಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿಕೊಂಡವನು, ಈಗ ಆ ಶಾಸ್ತ್ರ ನನಗೆ ಬೇಕಾಗುವುದು ಕಚೇರಿಯ ಫ್ಯಾನು ನಿಂತಾಗ ಮಾತ್ರ. ಆಗಲೂ ನನ್ನಿಂದ ಅದು ತಿರುಗಿದ್ದಿಲ್ಲ. ನಾವಿಬ್ಬರೂ ಮನಗೂಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವರು.

ಅಕ್ಕನಿಗೆ ಮೂವತ್ತು ದಾಟುವ ಹೊತ್ತಿಗೆ ಇದು ಶುರುವಾಯಿತು. ನೆಲದಿಂದ ಏಳುವಾಗ ಮೊದಲು ಕೈಯನ್ನು ನೆಲಕ್ಕೆ ಊರಿದಳು. ಮರುವರ್ಷ ಮೊಣಕಾಲಿಗೆ ಊರಿದಳು. ಆಮೇಲೆ ತೊಡೆಗೆ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ತಾನೇ ಹತ್ತುವಂತೆ ಎದ್ದು ನಿಲ್ಲುತ್ತಿದ್ದಳು. ಮಿರಜಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ನಾಯುಗಳು ನಿಧಾನವಾಗಿ ಸೊರಗುವ ರೋಗ ಎಂದರು. ಅದರ ಇಂಗ್ಲಿಷ್ ಹೆಸರು ಎಷ್ಟು ಉದ್ದವೆಂದರೆ, ನಾನು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಬೇರೆ ಮಾತಿಗೆ ಹೋಗಿರುತ್ತಾರೆ. ಸ್ನಾಯು ಹೊರಬೇಕಾದ ಭಾರವನ್ನು ಕೀಲು ಹೊರುತ್ತದೆ, ಅದಕ್ಕೇ ಮೊಣಕಾಲು, ಸೊಂಟ ನೋಯುತ್ತವೆ. ಗುಣ ಮಾಡುವ ಔಷಧ ಇಲ್ಲ. ಮೈ ದಣಿಯುವಷ್ಟು ದುಡಿಯಬಾರದು, ಸುಮ್ಮನೆ ಕೂಡಲೂಬಾರದು ಎಂದು ಡಾಕ್ಟರು ಹೇಳಿದರು. ಹೊರಗೆ ಬಂದ ಮೇಲೆ ಅಕ್ಕ ಅಂದಳು: “ಇಷ್ಟು ಕೇಳಾಕ ಮಿರಜಿಗಿ ಬರಬೇಕಿತ್ತೇನೋ? ಸಾಲ್ಯಾಗ ಹುಡುಗ್ಯಾರಿಗೆ ನಾ ದಿನಾ ಹೇಳೂದ ಇದು.”

ಡಾಕ್ಟರು ಔಷಧ ಇಲ್ಲ ಎಂದರೇನಂತೆ, ನಮ್ಮ ಬಂಧುಬಳಗ ಇದೆಯಲ್ಲ. ಇಂಡಿ ಊರಿನ ಮಾವ ಚೀಲದ ತುಂಬ ನಿಂಬೆಹಣ್ಣು ಕಳಿಸಿದರು. ಮುದ್ದೇಬಿಹಾಳದ ಕಾಕಾ ಒಬ್ಬ ಹಕೀಮರ ತೈಲ ತಂದರು. ಅದನ್ನು ಹಚ್ಚಿದ ದಿನ ಓಣಿಯ ನಾಯಿಗಳೂ ನಮ್ಮ ಮನೆಯ ಮುಂದೆ ಸುಳಿಯಲಿಲ್ಲ. ಸಿಂದಗಿ ತಾಲೂಕಿನ ದೇವಣಗಾಂವದಿಂದ ಅತ್ತೆ ಕೀಲು ಗಟ್ಟಿಯಾಗಲೆಂದು ಡಬ್ಬಿಗಟ್ಟಲೆ ಅಂಟಿನುಂಡಿ ಕಟ್ಟಿ ಕಳಿಸಿದಳು. ಮೈಭಾರ ಏರಿದರೆ ಕಾಲಿಗೆ ತ್ರಾಸು ಎಂದು ಅಕ್ಕ ಅವನ್ನು ಮುಟ್ಟಲಿಲ್ಲ. ಅನ್ನವನ್ನು ಕೆಡಿಸಬಾರದು ಎಂಬ ಸಂಸ್ಕಾರ ನನ್ನದು. ಹೀಗಾಗಿ ಆ ಉಂಡಿಗಳಿಂದ ಗಟ್ಟಿಯಾದದ್ದು ನನ್ನ ಸೊಂಟ, ಅದೂ ಸುತ್ತಳತೆಯಲ್ಲಿ.

ನಮ್ಮದು ನೆಲದ ಮೇಲಿನ ಸಂಸಾರ ಎನ್ನುವುದು ನನಗೆ ತಿಳಿದದ್ದು ಅಕ್ಕನಿಂದ. ಉಣ್ಣುವುದು ನೆಲದ ಮೇಲೆ, ಮಲಗುವುದು ನೆಲದ ಮೇಲೆ, ರೊಟ್ಟಿ ಬಡಿಯುವುದು, ಪುರಾಣ ಕೇಳುವುದು, ಹಿರಿಯರ ಕಾಲಿಗೆ ಬೀಳುವುದು ಎಲ್ಲ ನೆಲದ ಮೇಲೆಯೇ. ನಮ್ಮ ಹಿಂದಿನವರು ಕೂಡುವ ಆಸನಗಳಿಗೆ ಎಷ್ಟೊಂದು ಹೆಸರಿಟ್ಟರು. ಏಳುವುದಕ್ಕೆ ಒಂದನ್ನಾದರೂ ಇಟ್ಟರೇ? ಕೂತವನು ಹೇಗೋ ಎದ್ದೇ ಏಳುತ್ತಾನೆ ಎಂದು ಅವರು ನಂಬಿದ್ದಂತೆ ಕಾಣುತ್ತದೆ.

ಅಕ್ಕ ಅಂಥ ನಂಬಿಕೆಗಳನ್ನು ಬಿಟ್ಟು ಎತ್ತರಗಳನ್ನು ಹಿಡಿದಳು. ಮಂಚದ ಕಾಲ ಕೆಳಗೆ ಇಟ್ಟಂಗಿ ಬಂದವು. ಒಲೆ ಕಟ್ಟೆಯ ಮೇಲೆ ಹೋಯಿತು. ನೋವು ಹೆಚ್ಚಾದ ದಿನ ಬಿಸಿ ಉಸುಕಿನ ಗಂಟು; ಶಾಲೆಯಲ್ಲಿ ಮಧ್ಯಾಹ್ನ ಎರಡು ಬೆಂಚು ಕೂಡಿಸಿ ಕಾಲು ಚಾಚುವುದು; ಬೆಳಿಗ್ಗೆ ಬಿಸಿಲೇರುವ ಮುಂಚೆ ಓಣಿಯ ತುದಿಯವರೆಗೆ ನಡೆದುಬರುವುದು, ಚೊಲೋ ಅನ್ನಿಸಿದ ದಿನವೂ ಅದಕ್ಕಿಂತ ಒಂದು ಮನೆ ಆಚೆ ಹೋಗದಿರುವುದು. ಕೊನೆಯದೇ ಎಲ್ಲಕ್ಕಿಂತ ಕಠಿಣ ಎನ್ನುತ್ತಾಳೆ. ಕೈ ಎತ್ತಿ ಹಲಗೆಯ ಮೇಲೆ ಬರೆದರೆ ಭುಜ ಸೋಲುತ್ತದೆಂದು ಹುಡುಗಿಯರಿಂದಲೇ ಬರೆಸುತ್ತಾಳೆ; ಅವಳ ವರ್ಗದ ಹುಡುಗಿಯರ ಅಕ್ಷರ ಈಗ ಇಡೀ ಶಾಲೆಯಲ್ಲೇ ದುಂಡಗೆ. ಬಾಗೇವಾಡಿಯಲ್ಲೇ ಮನೆ ಮಾಡಬಾರದೇ ಎಂದು ನೀವೂ ಕೇಳಬಹುದು. ನಮ್ಮ ಮನಗೂಳಿಯ ಮನೆಯ ಗೋಡೆಗಳ ಮೇಲೆ, ಪಡಸಾಲೆಯಿಂದ ಬಚ್ಚಲಿನವರೆಗೆ, ಅಕ್ಕನ ಅಂಗೈ ಊರಿ ಊರಿ ಮೂಡಿದ ಒಂದು ಕಂದು ಪಟ್ಟಿ ಇದೆ. “ಈ ಗ್ವಾಡಿಗೆ ನನ್ನ ಕೈ ಗುರುತೈತಿ. ಹೊಸಾ ಗ್ವಾಡಿಗೆ ಮತ್ತ ಮೊದಲಿಂದ ಯಾರು ಹೇಳಬೇಕು?” ಎನ್ನುತ್ತಾಳೆ.

ಒಂದು ಎತ್ತರ ಮಾತ್ರ ಅವಳ ಮಾತು ಕೇಳಲಿಲ್ಲ. ಅದು ಬಸ್ಸಿನ ಮೊದಲ ಮೆಟ್ಟಿಲು. ಕೆಲವು ವರ್ಷಗಳ ಹಿಂದೆ ನಾಡಿನ ಹೆಸರು ಬದಲಾಯಿತಲ್ಲ, ಆಗ ಬಸ್ಸಿನ ಮೈಮೇಲಿದ್ದ ‘ಮೈಸೂರು’ ಅಳಿಸಿ ‘ಕರ್ನಾಟಕ’ ಎಂದು ಬರೆದರು. ನಾವಿಬ್ಬರೂ ಸಂತೋಷಪಟ್ಟೆವು. ಮೆಟ್ಟಿಲು ಮಾತ್ರ ಹಳೆಯ ಸಂಸ್ಥಾನದಲ್ಲೇ ಉಳಿಯಿತು.

ಅದಕ್ಕೂ ಅಕ್ಕ ಒಂದು ಪದ್ಧತಿ ಮಾಡಿದ್ದಳು. ನಾನು ಮೊದಲೇ ನುಗ್ಗಿ, ಬಾಗಿಲ ಹಿಂದಿನ ಸೀಟಿಗೆ ಟವೆಲ್ ಹಾಕಿ ಕೂಡುವುದು. ನೂಕುನುಗ್ಗಲು ಮುಗಿದ ಮೇಲೆ ಅವಳು ಕೊನೆಗೆ ಹತ್ತುವುದು: ಎರಡು ಕೈಯಿಂದ ಎರಡು ಕಂಬಿ ಹಿಡಿದು, ಎಡಗಾಲು ಇಟ್ಟು, ಮೈಯನ್ನು ತೋಳಿನಿಂದ ಎಳೆದುಕೊಂಡು. ಇಷ್ಟಕ್ಕೆ ಸ್ವಲ್ಪ ಹೊತ್ತು ಬೇಕು. ನಮ್ಮ ದಿನದ ಕಂಡಕ್ಟರು ಮಹಿಬೂಬಸಾಬ ಅಷ್ಟು ಹೊತ್ತು ಬಾಗಿಲಲ್ಲೇ ನಿಂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಆ ದಿನ ಮಹಿಬೂಬಸಾಬ ರಜೆ. ಬಾಗೇವಾಡಿಯ ಸಂತೆ. ಬದಲಿಗೆ ಬಂದಿದ್ದ ಕಂಡಕ್ಟರು ಹಿಂದಿನ ಗದ್ದಲದಲ್ಲಿ ಟಿಕೀಟು ಹರಿಯುತ್ತಿದ್ದರು. ನಮ್ಮ ಕಡೆ ಬಸ್ಸು ಬಿಡಿಸುವುದು ಕಂಡಕ್ಟರೊಬ್ಬರ ಕೆಲಸವಲ್ಲ. ಬಾಗಿಲ ಹತ್ತಿರ ನಿಂತ ಯಾರಾದರೂ ಬಸ್ಸಿನ ಮೈಯ ತಗಡು ಬಡಿದು ‘ರೈಟ್’ ಎನ್ನಬಹುದು, ಅದೊಂದು ಪರೋಪಕಾರ. ಮುಳವಾಡದ ಗೌಡರೊಬ್ಬರು ನಿಂತಿದ್ದರು. ಅಕ್ಕನ ಕೈ ಕಂಬಿಯ ಮೇಲೆ ಬಂದದ್ದನ್ನು ಕಂಡರು. ಕೈ ಬಂದ ಮೇಲೆ ಕಾಲು ಬರಲೇಬೇಕಲ್ಲ ಎಂದುಕೊಂಡು, “ಅಕ್ಕೋರು ಹತ್ತಿದ್ರು, ರೈಟ್” ಎಂದು ಎರಡು ಬಾರಿ ತಗಡು ಬಡಿದರು.

ಬಸ್ಸು ಚಲಿಸಿತು. ಅಕ್ಕನ ಎಡಗಾಲು ಮೆಟ್ಟಿಲ ಮೇಲೆ, ಬಲಗಾಲು ಇನ್ನೂ ನೆಲದ ಮೇಲೆ. ಮರುಗಳಿಗೆ ಎಡಗಾಲೂ ಜಾರಿತು. ಅವಳು ಕಂಬಿಗೆ ಜೋತಾಡುತ್ತಿದ್ದಳು. ಕಾಲುಗಳು ಮಣ್ಣಿನಲ್ಲಿ ಎಳೆಯುತ್ತಿದ್ದವು. ಇಡೀ ಬಸ್ಸು ಒಂದೇ ಬಾಯಿಂದ ಕೂಗಿತು: “ಗಟ್ಟಿ ಹಿಡೀರಿ ಅಕ್ಕೋರ, ಗಟ್ಟಿ ಹಿಡೀರಿ.” ಅವಳಿಗಾಗಿ ಕಾಯ್ದಿಟ್ಟ ಸೀಟಿನಲ್ಲಿ ಕೂತ ನಾನೂ ಕೂಗಿದೆ, “ಅಕ್ಕಾ, ಬಿಡಬ್ಯಾಡ.”

ಅಕ್ಕ ಒಮ್ಮೆ ಹಿಂದಿನ ಗಾಲಿಯ ಕಡೆ ನೋಡಿದಳು. ಆಮೇಲೆ ಎರಡೂ ಕೈ ಬಿಟ್ಟಳು.

ಬಿಟ್ಟು, ಹೊರಮಗ್ಗುಲಿಗೆ ತಿರುಗಿ, ಜೋಳದ ಚೀಲ ಇಳಿಸಿದ ಹಾಗೆ ಕೂತಳು. ಕೂತವಳೇ ಉರುಳಿದಳು. ಗಾಲಿ ಅವಳ ಸೀರೆಯ ಅಂಚಿನ ಮೇಲೆ ಹಾಯ್ದು ಹೋಗಿ ನಿಂತಿತು. ನಾನು ಇಳಿದು ಓಡಿದಾಗ ಹಸಿರು ಅಂಚಿನ ಮೇಲೆ ಟಾಯರಿನ ಅಚ್ಚು ಮೂಡಿತ್ತು, ಯಾರೋ ನೇಯ್ದು ಕೂಡಿಸಿದಷ್ಟು ಚೊಕ್ಕಟವಾಗಿ. ಆ ಸೀರೆಯನ್ನು ಅಕ್ಕ ಒಗೆದು ಉಟ್ಟುಕೊಳ್ಳುತ್ತಾಳೆ. ಅಚ್ಚು ಹೋಗಿದೆ ಎನ್ನುತ್ತಾಳೆ. ನನಗೆ ಈಗಲೂ ಕಾಣುತ್ತದೆ.

ಜನ ಸುಮ್ಮನೆ ಬಿಡಲಿಲ್ಲ. ನಾಲ್ಕು ಜನ ನಾಲ್ಕು ಕಡೆಯಿಂದ ಕಂಕುಳಿಗೆ ಕೈ ಹಾಕಿದರು. ಸೋತ ಭುಜವನ್ನು ಹಾಗೆ ಎಳೆದರೆ ಕೀಲೇ ಸರಿದೀತು. “ಯಾರೂ ಎಳೀಬ್ಯಾಡ್ರಿ. ನಾ ಏಳ್ತೇನಿ, ಒಂದೀಟು ಎತ್ತರ ಏನರ ಕೊಡ್ರಿ,” ಎಂದಳು. ಬದನೆಕಾಯಿ ಮಾರುವ ಮುದುಕಿಯೊಬ್ಬಳು ತಾನು ಕೂತಿದ್ದ ಮಣೆ ತೆಗೆದುಕೊಟ್ಟಳು. ಅಕ್ಕ ಮಣೆಯ ಮೇಲೆ ಸರಿದಳು, ಮಣೆಯಿಂದ ಬೋರಲು ಹಾಕಿದ ಬುಟ್ಟಿಗೆ, ಬುಟ್ಟಿಯಿಂದ ಕಟ್ಟೆಗೆ. ಕಟ್ಟೆಯಿಂದ ತನ್ನ ತೊಡೆಗೆ ಕೈ ಊರಿ ಎದ್ದು ನಿಂತಳು. ಗೌಡರು ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದಿದ್ದರು, ಅಳುವುದೊಂದೇ ಬಾಕಿ. ಅವರನ್ನು ಸಮಾಧಾನ ಮಾಡಿದವಳೂ ಅವಳೇ: “ಹೋಗ್ಲಿ ಬಿಡ್ರಿ ಗೌಡ್ರ. ನಿಮ್ಮ ಕೈ ಭಾಳ ಗಟ್ಟಿ ಐತಿ. ಇನ್ನ ಮುಂದ ಮನ್ಯಾಗಿನ ತಗಡು ಬಡೀರಿ.”

ಓಡುವ ವಸ್ತುವನ್ನು ಹಿಡಿದುಕೊಂಡ ದೇಹ ಯಾವ ಕಡೆ ಎಳೆಯಲ್ಪಡುತ್ತದೆ ಎಂದು ಬಾಣದ ಗುರುತು ಹಾಕಿ ಚಿತ್ರ ಬರೆದು ಪರೀಕ್ಷೆಯಲ್ಲಿ ಅಂಕ ಪಡೆದವನು ನಾನು. ಆ ಕೈ ಗಟ್ಟಿ ಹಿಡಿದಿದ್ದರೆ ಅವಳು ಸೀದಾ ಗಾಲಿಯ ಕೆಳಗೆ ಹೋಗುತ್ತಿದ್ದಳು. ಆ ರಾತ್ರಿಯಿಂದ ನನ್ನ ತಲೆಯೊಳಗೆ ಆ ಬಸ್ಸು ಹೊರಡುತ್ತಲೇ ಇದೆ. ಪ್ರತಿ ಸಲವೂ ನಾನು “ಬಿಡಬ್ಯಾಡ” ಎನ್ನುತ್ತೇನೆ. ಕೆಲವು ಸಲ ಅವಳು ನನ್ನ ಮಾತು ಕೇಳಿಬಿಡುತ್ತಾಳೆ. ಆಗ ಎದ್ದು ಕೂಡುತ್ತೇನೆ.

ಹೇಗೆ ತಿಳಿಯಿತು ಎಂದು ಅವಳನ್ನೇ ಕೇಳಿದೆ. ಅವಳು ಉಸುಕಿನ ಗಂಟನ್ನು ಮೊಣಕಾಲಿನಿಂದ ಸೊಂಟಕ್ಕೆ ಬದಲಿಸುತ್ತ, “ನೀವೆಲ್ಲಾ ಬೀಳಬಾರದಂತ ಬದುಕಿದವರು. ನಾ ಬೀಳಾಕಿ. ಬೀಳೂದು ಖರೇ ಅಂದಮ್ಯಾಲೆ, ಎಲ್ಲಿ ಬೀಳಬೇಕು ಅನ್ನೂದಷ್ಟ ನನ್ನ ಕೈಯಾಗ ಇರ್ತೈತಿ,” ಎಂದಳು.

ನಾನು ಹಟ ಹಿಡಿದೆ: ನೌಕರಿ ಸಾಕು, ಮನೆಯಲ್ಲಿರು, ನನ್ನ ಸಂಬಳ ಇಬ್ಬರಿಗೆ ಸಾಲದೇ. ನಾನು ಹೇಳಿದ್ದು ಅವಳ ಕಾಲಿನ ಸಲುವಾಗಿಯೇ ಎಂದು ನಂಬಿದ್ದೆ. ಅಕ್ಕ ಎಲ್ಲ ಕೇಳಿ, “ಮನ್ಯಾಗ ಕುಂತರ ಬಸ್ಸಿನ ಗಾಲಿ ಬರೂದಿಲ್ಲ, ಖರೆ. ಆದ್ರ ಕಾಲು ಕುಂತಲ್ಲೇ ಹೋಗ್ತಾವ. ಡಾಕ್ಟರು ಎರಡೂ ಹೇಳ್ಯಾರ, ನಿನಗ ಒಂದ ಕೇಳೇತಿ,” ಎಂದಳು. ಆಮೇಲೆ, “ಅಂಜಿಕಿ ನಿಂದು, ರಾಜೀನಾಮೆ ನಂದು. ಇದ್ಯಾವ ನ್ಯಾಯ?” ಎಂದಳು. ಎದ್ದು ಡಬ್ಬಿ ತೆರೆದೆ. ಅಂಟಿನುಂಡಿ ಇತ್ತು. ಒಂದು ತಿಂದೆ.

ಮೈನೋವು ಇಳಿಯುವವರೆಗೆ ಅವಳು ಮನೆಯಲ್ಲೇ ಇದ್ದಳು. ನೋವಿನೊಡನೆ ಜಗಳ ಆಡಿ ಉಪಯೋಗವಿಲ್ಲ, ಅದಕ್ಕೂ ಒಂದು ಪಾಳಿ ಕೊಡಬೇಕು ಎನ್ನುವುದು ಅವಳ ಸಿದ್ಧಾಂತ. ಎದ್ದು ಓಡಾಡುವಂತಾದ ದಿನ ಅಟ್ಟದ ಮೇಲಿಂದ ಅವ್ವನ ಮದುವೆಯ ಮಣೆ ಇಳಿಸು ಎಂದಳು. ಸಾಗವಾನಿ ಮರ, ಹಿತ್ತಾಳೆ ಮೊಳೆ. ಅದರ ಮೇಲೆ ನಿಂತು ಅವ್ವ ಅಕ್ಷತೆ ಹಾಕಿಸಿಕೊಂಡಿದ್ದಳು. ನಮ್ಮಿಬ್ಬರ ಜವಳ ಅದರ ಮೇಲೇ ಆಯಿತು. ಮಂಗಲಕಾರ್ಯ ಬಿಟ್ಟು ಬೇರೇನನ್ನೂ ಕಂಡಿರದ ಆ ಮಣೆಗೆ ಬಡಿಗೇರನಿಂದ ಎತ್ತರದ ಕಾಲು ಹಚ್ಚಿಸಿ, ತೂತು ಹಾಕಿಸಿ, ಹಗ್ಗ ಕಟ್ಟಿಸಿದಳು. ಬಸ್ಸಿನ ಮೆಟ್ಟಿಲಿಗೆ ಅದು ಸರಿಯಾಗಿ ಅರ್ಧ. ಮಣೆ ಹತ್ತಿ, ಮೆಟ್ಟಿಲು ಹತ್ತಿ, ಹಗ್ಗ ಎಳೆದರೆ ಮಣೆಯೂ ಹಿಂದೆಯೇ ಬರುತ್ತದೆ. ಅವ್ವನ ಮದುವೆಯ ಮಣೆಗೆ ತೂತೇ ಎಂದು ಅತ್ತೆ ದೇವಣಗಾಂವದಿಂದ ಬಂದು ಕಣ್ಣೀರು ಹಾಕಿದಳು. “ಅವ್ವ ಮ್ಯಾಲೆ ಹತ್ತಿದ ಮಣಿ, ನಾನೂ ಮ್ಯಾಲೆ ಹತ್ತಾಕ ಬಳಸ್ತೇನಿ. ಇದ್ರಾಗ ಅಪಶಕುನ ಏನೈತಿ, ಅತ್ತಿ?” ಎಂದಳು ಅಕ್ಕ.

ಶಾಲೆಗೆ ಮರಳಿದ ಮೊದಲ ದಿನ. ಬೆಳಿಗ್ಗೆ ಬಸ್ಸು ಖಾಲಿ, ಸಲೀಸಾಗಿ ಹೋದೆವು. ಸಂಜೆ ಅದೇ ಬಾಗೇವಾಡಿ, ಅದೇ ಬಾಗಿಲು. ಮಹಿಬೂಬಸಾಬ ಮಣೆಯನ್ನು ಸುತ್ತು ಹಾಕಿ ನೋಡಿ, “ಅಕ್ಕೋರ, ಈ ಮಣಿಗಿ ಅರ್ಧಾ ಟಿಕೀಟು ಬೀಳತೈತ್ರಿ,” ಎಂದರು. “ಮಡಲಾಗ ಕುಂದ್ರೂ ಕೂಸಿಗಿ ಟಿಕೀಟು ಇಲ್ಲ ಹೌದಿಲ್ಲೋ ಸಾಬ್ರ?” ಎಂದಳು. ನನಗೆ ಹೊಸ ಅಪ್ಪಣೆಯಾಗಿತ್ತು: ಸೀಟು ಹಿಡಿಯುವುದು ಬೇಡ, ಅವಳನ್ನು ಹಿಡಿಯುವುದೂ ಬೇಡ, ಕೆಳಗೆ ನಿಂತು, ಯಾರೂ ತಗಡು ಬಡಿಯದಂತೆ ನೋಡಿಕೊಂಡರೆ ಸಾಕು. ಎರಡೂ ಅಂಗೈಗಳನ್ನು ತಗಡಿಗೆ ಒತ್ತಿ ನಿಂತೆ. ನೋಡಿದವರು ನಾನು ಬಸ್ಸನ್ನು ಬೀಳದಂತೆ ಹಿಡಿದಿದ್ದೇನೆ ಎಂದುಕೊಂಡಿರಬೇಕು.

ಅಕ್ಕ ಮಣೆ ಹತ್ತಿದಳು. ನಿಂತು ಉಸಿರು ತಗೊಂಡಳು. ಮೆಟ್ಟಿಲು ಹತ್ತಿದಳು. ಮತ್ತೊಂದು ಉಸಿರು, ಮತ್ತೊಂದು ಮೆಟ್ಟಿಲು. ಹಗ್ಗ ಎಳೆದಳು, ಅವ್ವನ ಮಣೆ ಗಾಳಿಯಲ್ಲಿ ಒಮ್ಮೆ ತೂಗಿ ಒಳಗೆ ಹೋಯಿತು. ಸೀಟಿನಲ್ಲಿ ಕೂತು, ಕಿಟಕಿಯಿಂದ ಕೈ ಹೊರಗೆ ಚಾಚಿ, ಅವಳೇ ತಗಡು ಬಡಿದು, “ರೈಟ್” ಎಂದಳು.

ಬಸ್ಸು ಹೊರಟಿತು. ನಾನಿನ್ನೂ ಕೆಳಗೆ.

ಓಡಿ ಕಂಬಿ ಹಿಡಿದೆ. ಉಂಡಿ ತಿಂದ ಸೊಂಟ ನೆಲದ ಕಡೆ ಎಳೆಯಿತು. ಬಸ್ಸಿನೊಳಗಿಂದ ಅದೇ ಪರಿಚಿತ ಉಪದೇಶ ಕೇಳಿಬಂತು: “ಗಟ್ಟಿ ಹಿಡೀರಿ, ಗಟ್ಟಿ ಹಿಡೀರಿ.” ಎಲ್ಲರಿಗಿಂತ ಮೇಲೆ ಅಕ್ಕನ ದನಿ, ಶಾಲೆಯಲ್ಲಿ ಪಾಠ ಹೇಳುವ ದನಿ: “ತಮ್ಮಾ, ಬಿಡು. ಮುಂದಿನ ಬಸ್ಸಿಗೆ ಬಾ.”

ಬಿಟ್ಟೆ.

ಧೂಳಿನಲ್ಲಿ ನಿಂತು ನೋಡಿದೆ. ಬಸ್ಸು ಮನಗೂಳಿಯ ಕಡೆ ತಿರುಗಿತು. ಮಹಿಬೂಬಸಾಬರು ಸೀಟಿ ಊದಿ ನಿಲ್ಲಿಸಬಹುದಿತ್ತು. ಅಕ್ಕ ಬೇಡ ಎಂದಿರಬೇಕು. ಅವಳು ಮರೆತು ಬಡಿದಳೋ ಬೇಕೆಂದೇ ಬಡಿದಳೋ ಇಂದಿಗೂ ಹೇಳಿಲ್ಲ. ಮುಂದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಹೇಗೆ ಇಳಿದಾಳು ಎಂದು ಲೆಕ್ಕ ಹಾಕಿದೆ. ಮೊದಲು ಮಣೆ, ಆಮೇಲೆ ಎಡಗಾಲು. ಅಲ್ಲ, ಇಳಿಯುವಾಗ ಬಲಗಾಲು. ಭೌತಶಾಸ್ತ್ರ ಕೈಕೊಟ್ಟಿತು, ಪ್ರಾರ್ಥನೆ ಮಾಡಿದೆ.

ಮನಗೂಳಿಯಲ್ಲಿ ಚಹಾದಂಗಡಿಯ ಕಟ್ಟೆಯ ಮೇಲೆ ಅಕ್ಕ ಕೂತಿದ್ದಳು. ಪಕ್ಕದಲ್ಲಿ ಮಣೆ, ಕೈಯಲ್ಲಿ ಮುಗಿದ ಚಹಾದ ಕಪ್ಪು.

“ಭಾಳ ತಡಾ ಮಾಡಿದಿ,” ಎಂದಳು. ತೊಡೆಗೆ ಕೈ ಊರಿ ನಿಧಾನವಾಗಿ ಎದ್ದು ನಿಂತಳು. ನನ್ನ ಕೈಗಳು ಆಗಲೇ ಅವಳ ತೋಳಿನ ಕಡೆ ಹೊರಟಿದ್ದವು. ಅವಳು ಅವನ್ನು ನೋಡಿ, ಮಣೆಯ ಹಗ್ಗವನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟಳು.

“ಇದನ್ನ ಹಿಡಕೊಂಡು ಬಾ. ನಿನ್ನ ಕೈ ಸುಮ್ಮನಿರಾಂಗಿಲ್ಲ.”