ಎಡಗಿವಿಗೆ ಹಾಕಿದ ಇಯರ್‌ಪೀಸ್

ಕಳಸದಿಂದ ಸಂಸೆಗೆ ಜೀಪು ಓಡಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನನ್ನನ್ನು ಕಂಡರೆ ತಿರುವುಗಳೇ ನೆಟ್ಟಗಾಗುತ್ತವೆ! ಆದರೂ ಒಂದು ಕೈಯಲ್ಲಿ ಫೋನು ಹಿಡಿದರೆ ಹಿಂದೆ ಕೂತವರು ಬೈಯುತ್ತಾರೆ. ಅದಕ್ಕೇ ಒಂದೇ ಕಿವಿಗೆ ಹಾಕುವ, ವೈರಿಲ್ಲದ ಇಯರ್‌ಪೀಸ್ ಕೊಳ್ಳಲು ಚಿಕ್ಕಮಗಳೂರಿನ ಅಂಗಡಿಯೊಂದಕ್ಕೆ ಹೋದೆ.

ಎಡಗಿವಿಗೆ ಸಿಕ್ಕಿಸಿಕೊಂಡೆ. ಅಂಗಡಿಯ ಹುಡುಗಿ ಆಚೆ ನಿಂತು ನನಗೆ ಕರೆ ಮಾಡಿದಳು. ಸದ್ದಿಲ್ಲ. ಇನ್ನೊಂದು ಕಂಪನಿಯದು ಕೊಟ್ಟಳು. ಅದೂ ಮೂಗ.

"ಎಂಥದು ಮಾರಾಯ್ತಿ, ಅಂಗಡಿ ತುಂಬ ಕೆಟ್ಟ ಮಾಲೇ ಇಟ್ಟಿದ್ದೀಯಲ್ಲ!" ಎಂದು ರೇಗಿಸಿದೆ.

ಅವಳು ನಗಲಿಲ್ಲ. "ಬಲಗಿವಿಗೆ ಹಾಕ್ಕೊಳ್ಳಿ ಅಂಕಲ್" ಎಂದಳು. ಹಾಕಿಕೊಂಡೆ. ಅವಳ ದನಿ ತಲೆಯೊಳಗೇ ಮೊಳಗಿತು: "ಎಡಗಿವಿ ಡಾಕ್ಟರಿಗೆ ತೋರಿಸಿ ಅಂಕಲ್. ಮನೇಲಿ ಯಾರೂ ಹೇಳ್ಲಿಲ್ವಾ?"

ಹೇಳುವವಳು ತೀರಿಕೊಂಡು ಆರು ತಿಂಗಳಾಗಿತ್ತು. ಕೊನೆಯ ವರ್ಷವೆಲ್ಲ ಹೆಂಡತಿಯನ್ನು ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತಿದ್ದೆ. ಜೀಪಿನಲ್ಲಿ ಅವಳು ಕೂರುತ್ತಿದ್ದದ್ದು ನನ್ನ ಎಡಕ್ಕೆ. ತುಟಿ ಅಲುಗುವುದು ಕಂಡಾಗ ದೇವರ ನಾಮ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡು, ನಾನು ನನ್ನ ಶೌರ್ಯದ ಕತೆ ಮುಂದುವರಿಸುತ್ತಿದ್ದೆ.

ಇಯರ್‌ಪೀಸ್ ಕೊಂಡು ಬಲಗಿವಿಗೇ ಹಾಕಿಕೊಂಡು ಬಂದೆ. ಹೆಂಡತಿಯ ಒಂದು ಮಾತಿಗೂ ಎದುರಾಡದ ಗಂಡ ಎಂದು ಊರಲ್ಲಿ ನನಗೆ ಈಗಲೂ ಒಳ್ಳೆಯ ಹೆಸರಿದೆ.