ಕೈಯಕ್ಕನ ಮಂಚ ಹತ್ತದ ಒಬ್ಬನೇ ಗಿರಾಕಿ

ಬೆಳಕು ಹರಿಯುವ ಮೊದಲೇ ಕೈಯಕ್ಕ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿಕೊಂಡು ಕೂತಿದ್ದಾರೆ. ಮೈಮೇಲೆ ಕೈಯಿಟ್ಟು ರೇಕಿ ಚಿಕಿತ್ಸೆ ಮಾಡುವವರ ಕೈ ಬೆಚ್ಚಗಿರುತ್ತದೆ ಎಂದು ಯಾರೋ ಪುಣ್ಯಾತ್ಮರು ಊರಿಗೆಲ್ಲ ಹಬ್ಬಿಸಿಬಿಟ್ಟಿದ್ದಾರೆ. ಇವರದೋ ಹುಟ್ಟಿನಿಂದಲೇ ತಣ್ಣನೆಯ ಕೈ. "ಐಸು ಇಟ್ಟಂಗೆ ಇಟ್ರೆ ಜನ ಎದ್ದು ಓಡ್ತಾರೆ. ಶಕ್ತಿ ಗಿಕ್ತಿ ಆಮೇಲೆ, ಮೊದಲು ಬಿಸಿನೀರು" ಎನ್ನುತ್ತಾ ಕೈ ಒರೆಸಿಕೊಳ್ಳುತ್ತಾರೆ.

ಕೆಳಗೆ ಗಂಡನ ವೆಲ್ಡಿಂಗ್ ಅಂಗಡಿ, ಮಹಡಿಯ ಮೇಲೆ ಹೆಂಡತಿಯ ಕೋಣೆ. ಅಂಗಡಿಯ ಷಟರ್ ಏಳುವುದರೊಳಗೆ ಮಲಗಿ ಎದ್ದವರೇ ಪುಣ್ಯವಂತರು. ಒಮ್ಮೆ ಗ್ರೈಂಡರ್ ಕಿರುಚತೊಡಗಿದರೆ ಯಾವ ವಿಶ್ವಶಕ್ತಿಯೂ ಈ ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಇಲ್ಲಿಗೆ ಬರುವವರೆಲ್ಲ ಕೆಲಸಕ್ಕೆ ಹೋಗುವ ಮುನ್ನ ಬರುವವರು, ರಾತ್ರಿಪಾಳಿ ಮುಗಿಸಿದ ನರ್ಸುಗಳು, ಬೆನ್ನು ಹಿಡಿದ ಟೈಲರ್‌ಗಳು.

ಇವತ್ತು ಮೊದಲು ಬಂದವನು ಒಬ್ಬ ಬಸ್ ಡ್ರೈವರು. ಇದೇ ಮೊದಲ ಸಲ. ಬಾಗಿಲಲ್ಲೇ ನಿಂತು ಬ್ಯಾಗನ್ನು ಎದೆಗವಚಿಕೊಂಡು ಕೇಳುತ್ತಾನೆ: "ಬಟ್ಟೆ ಬಿಚ್ಚಬೇಕಾ?"

"ಚಪ್ಪಲಿ ಬಿಚ್ಚಿ, ಸಾಕು. ಬೆಲ್ಟ್ ಸ್ವಲ್ಪ ಸಡಿಲ ಮಾಡ್ಕೊಳ್ಳಿ."

"ನೋವಾಗುತ್ತಾ?"

"ಒತ್ತಲ್ಲ, ತಿರುಚಲ್ಲ. ಸುಮ್ನೆ ಕೈ ಇಡ್ತೀನಿ. ಮುಟ್ಟೋದು ಬೇಡ ಅಂದ್ರೆ ಮೇಲಿಂದಾನೇ ಹಿಡೀತೀನಿ."

"ನನ್ನ ಮನಸ್ಸಲ್ಲಿರೋದು ನಿಮಗೆ ಗೊತ್ತಾಗುತ್ತಾ?"

ಇದನ್ನು ಗಂಡಸರೆಲ್ಲ ಕೇಳುತ್ತಾರಂತೆ. "ಗೊತ್ತಾಗಲ್ಲ. ಗೊತ್ತಾದ್ರೂ ನಿಮ್ಮ ಹೆಂಡತಿಗೆ ಹೇಳಲ್ಲ" ಎಂದ ಮೇಲೆ ಅವನ ಹೆಗಲು ತುಸು ಕೆಳಗಿಳಿಯುತ್ತದೆ.

ತಲೆ, ಕಣ್ಣು, ಭುಜ, ಹೊಟ್ಟೆ, ಮಂಡಿ, ಪಾದ. ಕೈಯಕ್ಕನ ಕೈ ಅವಸರವಿಲ್ಲದೆ ಇಳಿಯುತ್ತದೆ. ಕೆಲವರಿಗೆ ಬೆಚ್ಚಗಾಗುತ್ತದೆ, ಕೆಲವರಿಗೆ ಜುಮ್ಮೆನ್ನುತ್ತದೆ, ಕೆಲವರ ಹೊಟ್ಟೆ ಗುರ್ರೆನ್ನುತ್ತದೆ. ಕಾರಣವಿಲ್ಲದೆ ಅಳುವವರೂ ಇದ್ದಾರೆ. ಏನೂ ಆಗದವರೂ ಇದ್ದಾರೆ, ಅವರೇ ಎಲ್ಲರಿಗಿಂತ ಜೋರಾಗಿ ಗೊರಕೆ ಹೊಡೆಯುವುದು. ಮುಗಿದ ಮೇಲೆ ಒಂದು ಲೋಟ ನೀರು, ಒಂದು ಎಚ್ಚರಿಕೆ: "ಡಾಕ್ಟ್ರ ಮಾತ್ರೆ ಬಿಟ್ರೆ ನನ್ನ ಹತ್ರ ಬರಬೇಡಿ."

ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಹಿರಿಯ ನರ್ಸೊಬ್ಬರು ಕಲಿಸಿದ ವಿದ್ಯೆ ಇದು. ಮನೆಯಲ್ಲಿ ಇದನ್ನು ಕಂಡು ಮೂಗು ಮುರಿಯದವರಿಲ್ಲ. ಅತ್ತೆ "ಮುಟ್ಟಿದ್ರೆ ವಾಸಿ ಆಗೋದಾದ್ರೆ ಬಸ್ಸಲ್ಲಿ ನೂಕಾಡೋರೆಲ್ಲ ಗಟ್ಟಿಮುಟ್ಟಾಗಿರ್ಬೇಕಿತ್ತು" ಎಂದರಂತೆ. ಅದೇ ಅತ್ತೆ ಈಗ ವಾರಕ್ಕೊಮ್ಮೆ ಬಂದು ಪುಕ್ಕಟೆ ಮಲಗಿ ಹೋಗುತ್ತಾರೆ. ಜಪ್ಪಯ್ಯ ಅಂದರೂ ಮಂಚ ಹತ್ತದವನು ಒಬ್ಬನೇ, ಆ ಕಬ್ಬಿಣದ ಮಂಚ ಮಾಡಿಕೊಟ್ಟ ಗಂಡ.

ತಲೆ ಮೇಲೆ ಕೈಯೆತ್ತಿ ಕಬ್ಬಿಣ ಬೆಸೆದೂ ಬೆಸೆದೂ ವೆಲ್ಡರ್‌ನ ಭುಜ ಹಿಡಿದುಹೋಗಿದೆ. ಮಾತ್ರೆ ನುಂಗುತ್ತಾನೆ, ನಿದ್ದೆ ಮಾತ್ರ ಕುರ್ಚಿಯಲ್ಲಿ ಕೂತೇ. "ಊರೋರೆಲ್ಲ ನನ್ನ ಕೈ ಕೆಳಗೆ ಗೊರಕೆ ಹೊಡೀತಾರೆ. ನನ್ನ ಗಂಡ ಅಂಗಾತ ಮಲಗಿ ಎಷ್ಟು ದಿನ ಆಯ್ತೋ. ರಾತ್ರಿ ಆ ಕುರ್ಚಿ ನೋಡಿದ್ರೆ ಹೊಟ್ಟೆ ಉರಿಯುತ್ತೆ" ಎನ್ನುತ್ತಾರೆ ಕೈಯಕ್ಕ.

ಅಷ್ಟರಲ್ಲಿ ಮಂಚದ ಮೇಲಿದ್ದ ಡ್ರೈವರು ಮಗ್ಗುಲಾಗುತ್ತಾನೆ. ಮಂಚದ ಕಾಲು ಕಿರ್ರೆಂದು ನರಳುತ್ತದೆ. ಅರೆನಿದ್ದೆಯಲ್ಲಿದ್ದ ಡ್ರೈವರು ಬಲಗಾಲು ಒದ್ದು ಬ್ರೇಕ್ ಹಾಕುತ್ತಾನೆ.

ಅವನು ನೀರು ಕುಡಿದು ಹೋದ ಮೇಲೆ ಗಂಡನಿಗೆ ಕರೆ ಹೋಗುತ್ತದೆ. ಸ್ಪ್ಯಾನರ್ ಹಿಡಿದು ಬಂದವನು ಬೋಲ್ಟ್ ಬಿಗಿಯುತ್ತಾನೆ.

"ಹತ್ತಿ ಮಲಗಿ ನೋಡಿ. ನಿಮ್ಮ ತೂಕ ತಡೆದ್ರೆ ಊರ ತೂಕ ತಡೆಯುತ್ತೆ."

ತನ್ನ ಕೈಕೆಲಸದ ಮರ್ಯಾದೆಯ ಪ್ರಶ್ನೆ. ವೆಲ್ಡರ್ ಹತ್ತಿ ಮಲಗುತ್ತಾನೆ.

"ಅಲುಗಾಡ್ಬೇಡಿ. ಶಬ್ದ ಎಲ್ಲಿಂದ ಬರುತ್ತೆ ಕೇಳ್ತೀನಿ."

"ಕೈ ಎಲ್ಲಿಡ್ತಿದೀಯಾ?"

"ಮಂಚ ಹಿಡ್ಕೊಂಡಿದೀನಿ."

"ಇದು ನನ್ನ ಭುಜ ಕಣೇ."

"ಎರಡೂ ಕಬ್ಬಿಣಾನೇ. ಸುಮ್ನಿರಿ."

ಸ್ವಲ್ಪ ಹೊತ್ತಿಗೆ ಸ್ಪ್ಯಾನರ್ ಅವನ ಕೈಜಾರಿ ಹಾಸಿಗೆಗೆ ಬೀಳುತ್ತದೆ, ಗೊರಕೆ ಏಳುತ್ತದೆ. ಕೆಳಗೆ ಮುರಿದ ಗೇಟು ತಂದವನೊಬ್ಬ ಷಟರ್ ಬಡಿಯುತ್ತಾನೆ. ಒಂದು ಕೈಯನ್ನು ಭುಜದಿಂದ ತೆಗೆಯದೆಯೇ ಕೈಯಕ್ಕ ಇನ್ನೊಂದನ್ನು ಕಿಟಕಿಯಾಚೆ ಚಾಚಿ, ಆಮೇಲೆ ಬಾ ಎಂದು ಸನ್ನೆ ಮಾಡುತ್ತಾರೆ. ಅವರ ಕೆನ್ನೆ ಒದ್ದೆಯಾಗಿದೆ.

ಎಚ್ಚರವಾದ ವೆಲ್ಡರ್ ಗಡಿಬಿಡಿಯಲ್ಲಿ ಇಳಿಯುತ್ತಾನೆ. "ನಿದ್ದೆ ಗಿದ್ದೆ ಏನಿಲ್ಲ, ಶಬ್ದ ಕೇಳ್ತಿದ್ದೆ" ಎನ್ನುತ್ತಾನೆ. ಬಾಗಿಲ ಹತ್ತಿರ ತಿರುಗಿ, ಹೆಂಡತಿಯ ಮುಖ ನೋಡದೆ, "ಇನ್ನೂ ಸ್ವಲ್ಪ ಸಡಿಲ ಇದೆ. ನಾಳೆ ಮತ್ತೆ ಮಲಗಿ ನೋಡ್ಬೇಕು" ಎಂದು ಸೇರಿಸುತ್ತಾನೆ.

ಕೆಳಗೆ ಗ್ರೈಂಡರ್ ಶುರುವಾಗುತ್ತದೆ. ಕೈಯಕ್ಕ ಚಾದರ ಬದಲಿಸುತ್ತಾ ಆ ಮಂಚದ ಕಾಲನ್ನೇ ನೋಡುತ್ತಾರೆ. ದೊಡ್ಡ ಕೋಣೆ ಬೇಕಾ, ಬೋರ್ಡು ಬೇಕಾ ಎಂದು ಯಾರಾದರೂ ಕೇಳಿದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ನಂಗೇನೂ ಬೇಡಪ್ಪ. ಈ ಕಾಲೊಂದು ಬೇಗ ಸರಿಹೋಗದೇ ಇದ್ರೆ ಸಾಕು."