ಶರಣಮ್ಮನ ಬದನೆಗಿಡ

ಶರಣಮ್ಮ, ನಿಮ್ಮ ಬದನೆಗಿಡಗಳಿಗೆ ಯಾವ ರೋಗವೂ ಇರಲಿಲ್ಲ. ನಾನು ಸುಳ್ಳು ಹೇಳಿದೆ. ಅದೂ ನಿಮ್ಮದೇ ಮಾತಿನಲ್ಲಿ, ನಿಮ್ಮ ಕೈಯಡುಗೆ ಉಂಡು ಎದ್ದ ಮೇಲೆ.

ಮಹಾರಾಷ್ಟ್ರದ ಇಂದಾಪುರದ ಆಚೆಗಿನ ಆ ಹೊಲದಲ್ಲಿ ನೀವೂ ನಿಮ್ಮ ಗಂಡನೂ ಕಳೆ ತೆಗೆಯುವ ಕೂಲಿಗೆ ಇದ್ದಿರಿ. ಹೊಲ ಒಂದು ಬೀಜದ ಕಂಪನಿಯದು. ತಂತಿಬೇಲಿಯೊಳಗೆ ಬೆಳೆದಿದ್ದುದು ಪ್ರಯೋಗದ ಬದನೆ — ಹುಳು ಬೀಳದಂತೆ ಅದರ ವಂಶವಾಹಿಯನ್ನೇ ಬದಲಿಸಿದ್ದರು. ಅದು ತಿನ್ನಲು ತಕ್ಕದ್ದೋ ಅಲ್ಲವೋ ಇನ್ನೂ ತೀರ್ಮಾನವಾಗಿರಲಿಲ್ಲ. ಹಾಗಾಗಿ ಹತ್ತಿರದಲ್ಲಿ ಬೇರೆ ಬದನೆ ಇರಕೂಡದು, ಒಳಗಿನ ಪರಾಗ ಹೊರಗಿನ ಹೂವಿಗೆ ತಾಗಕೂಡದು ಎಂಬುದು ನಿಯಮ. ಆ ನಿಯಮ ಕಾಯಲಿಕ್ಕೆಂದೇ ಪುಣೆಯ ಸರ್ಕಾರಿ ಕಚೇರಿಯಲ್ಲಿ ನನಗೆ ಸಂಬಳ. ಗಿಡ ಹೂ ಬಿಡುವ ಮುಂಚೆ ನಾನು ಹೊಲದ ಸುತ್ತ ನಡೆದು ನೋಡಬೇಕಿತ್ತು. ಬಿಸಿಲಿತ್ತು — ಇಲ್ಲ, ಬಿಸಿಲಿನ ನೆಪ ಬೇಡ. ಜೀಪಿನಿಂದ ಇಳಿಯಲಿಲ್ಲ, ಅಷ್ಟೇ. ಎಲ್ಲ ಸರಿಯಿದೆ ಎಂದು ವರದಿ ಕೊಟ್ಟೆ.

ಮುಂದಿನ ಸಲ ಬಂದಾಗ ನಿಮ್ಮ ಕನ್ನಡ ಕಿವಿಗೆ ಬಿತ್ತು. "ಯಾವೂರ್ರಿ?" ಎಂದೆ. ಯಾದಗಿರಿ ಕಡೆಯ ಒಂದು ಊರು ಹೇಳಿದಿರಿ. ನಾನು ಬಾಗಲಕೋಟೆಯವನು ಎಂದದ್ದೇ ತಡ, ಉಣ್ಣದೆ ಹೋಗಗೊಡಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ. ಎಷ್ಟು ವರ್ಷದ ಮೇಲೆ ಆ ರುಚಿ! ಕೇಳಿ ಹಾಕಿಸಿಕೊಂಡು ತಿಂದೆ. ಕಾಯಿ ಎಲ್ಲಿಯದು ಎಂದದ್ದಕ್ಕೆ ನೀವಿದ್ದ ಶೆಡ್ಡಿನ ಹಿಂದೆ ಕರೆದೊಯ್ದು ತೋರಿಸಿದಿರಿ — ಊರಿನಿಂದ ತಂದ ಬೀಜದ ಮುಳ್ಳುಬದನೆ, ಮೈತುಂಬ ಹೂ, ಬೇಲಿಗೆ ಅಂಟಿಕೊಂಡೇ.

ಕಂಪನಿಯ ಮೇಲ್ವಿಚಾರಕ ನನ್ನ ಹಿಂದೆಯೇ ಬಂದಿದ್ದ. ಅವನೂ ಗಿಡಗಳನ್ನು ನೋಡಿದ. ಇದ್ದದ್ದು ಇದ್ದಂತೆ ತಿಳಿಸಿದರೆ ಪ್ರಯೋಗ ನಿಲ್ಲುತ್ತಿತ್ತು, ನಿಮ್ಮ ಗಿಡ, ಬೀಜ ಎಲ್ಲ ಪರೀಕ್ಷೆಗೆ ಹೋಗುತ್ತಿತ್ತು, ನನ್ನ ಮೊದಲ ಸುಳ್ಳೂ ಹೊರಬೀಳುತ್ತಿತ್ತು. "ತುಮ್ಚ್ಯಾ ಭಾಷೇತಚ್ ಸಾಂಗಾ ನಾ ಸಾಹೇಬ್, ತೀ ಐಕೇಲ್," ಎಂದ. ನಿಮ್ಮ ಭಾಷೆಯಲ್ಲೇ ಹೇಳಿ, ಅವಳು ಕೇಳುತ್ತಾಳೆ — ಅಂತ.

ಹೇಳಿದೆ. "ಶರಣಮ್ಮಾ, ಇವಕ್ಕ ಕೆಟ್ಟ ರೋಗ ಬಿದ್ದದ. ಈಗಿಂದೀಗ ಕಿತ್ತು ಸುಟ್ಟಬಿಡ್ರಿ."

ನೀವು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿರಿ. "ಅಯ್ಯ ಶಿವನ, ರೋಗದ ಕಾಯಿ ನಿಮಗ ಉಣ್ಣಾಕ ನೀಡಿದ್ನಲ್ರೀ ಅಣ್ಣಾರ! ಗೊತ್ತಿದ್ದಿದ್ದಿಲ್ರಿ, ತಪ್ಪಾತ್ರಿ."

ಕೈಗೆ ಇನ್ನೂ ನಿಮ್ಮ ಎಣ್ಣೆಗಾಯಿಯ ವಾಸನೆಯಿತ್ತು. ಆ ಕೈಯನ್ನೇ ಎತ್ತಿ ನಾನು — ಥೂ — "ಇರ್ಲಿ ಬಿಡ್ರಿ" ಎಂದೆ. ನಿಮ್ಮನ್ನು ಕ್ಷಮಿಸಿದೆ! ನೆನೆದರೆ ನನ್ನ ಮುಖಕ್ಕೆ ನಾನೇ ಉಗುಳಿಕೊಳ್ಳಬೇಕೆನಿಸುತ್ತದೆ.

ಗಿಡ ಕೀಳುತ್ತಲೇ ಇನ್ನೊಂದು ಕೇಳಿದಿರಿ. ಮೊದಲು ಹಣ್ಣಾದ ಕಾಯಿಯ ಬೀಜವನ್ನು ಊರಿಗೆ, ನಿಮ್ಮ ತಂಗಿಗೆ ಕಳಿಸಿದ್ದಿರಂತೆ. "ಅದಕ್ಕೇನೂ ಆಗಿರಂಗಿಲ್ಲಲ್ರಿ?"

"ಏನೂ ಆಗಿರಂಗಿಲ್ಲ," ಎಂದೆ. ರೋಗವಿಲ್ಲದ ಗಿಡಗಳನ್ನು ಸುಡಿಸಿದೆ; ಬೇಲಿಯೊಳಗಿನ ಪರಾಗ ತಾಗಿರಬಹುದಾದ ಬೀಜವನ್ನು ನಿಶ್ಚಿಂತೆಯಿಂದ ಊರಲ್ಲಿ ಬಿತ್ತಲು ಬಿಟ್ಟೆ.

ಮರುವರ್ಷ ನಿಮ್ಮನ್ನು ಕೂಲಿಗೆ ಕರೆಯಲಿಲ್ಲ; ನೀವು ಊರಿಗೆ ಮರಳಿದಿರೆಂದು ಕೇಳಿದೆ. ನನಗೆ ಬಡ್ತಿ ಬಂತು, ಪುಣೆಯ ಹಡಪಸರದಲ್ಲಿ ಮನೆಯಾಯಿತು. ಈಗ ಜೀನ್ ತಿದ್ದಿದ ಹೊಸ ತಳಿಗಳ ಕಾಲ. ನಿಯಮ ಬಿಗಿಯಾಗಬೇಕೋ ಸಡಿಲವಾಗಬೇಕೋ ಎಂಬ ಸಭೆಗಳಿಗೆ ನನ್ನನ್ನು ಕರೆಯುತ್ತಾರೆ — ಬಲ್ಲವನು ಎಂದು! ಹೋಗಿ ಗಂಟೆಗಟ್ಟಲೆ ಮಾತಾಡಿ, ಶಾಲು ಹೊದ್ದು ಬಂದಿದ್ದೇನೆ. ಎಂಥ ಹೇಸಿಗೆಯ ಬಾಳು ನನ್ನದು.

ಆ ಪರಾಗ ನಿಜವಾಗಿ ತಾಗಿತ್ತೋ ಇಲ್ಲವೋ — ಗೊತ್ತಿಲ್ಲ. ಯಾರಿಗೂ ಗೊತ್ತಾಗದಂತೆ ನೋಡಿಕೊಂಡವನೇ ನಾನು. ಕಳೆದ ವಾರ ಮೇಲಿನವರ ಮುಂದೆ ಎಲ್ಲ ಬಾಯಿಬಿಟ್ಟೆ. ನಿಮ್ಮ ಊರಿನ ಹೆಸರನ್ನೂ ಹೇಳಬೇಕಾಯಿತು. ಪರೀಕ್ಷೆಗೆ ಜನ ಬರುತ್ತಾರೆ. ಬೆರಕೆ ಕಂಡರೆ ನಿಮ್ಮ ತಂಗಿಯ ಹಿತ್ತಲಿನ ಗಿಡಗಳನ್ನೂ, ಅವಳಿಂದ ಬೀಜ ಪಡೆದವರ ಗಿಡಗಳನ್ನೂ ಕೀಳಿಸುತ್ತಾರೆ. ಆಗ ಊರೆಲ್ಲ ನಿಮ್ಮ ಕಡೆ ನೋಡುತ್ತದೆ, ಬೀಜ ಕಳಿಸಿದವರು ನೀವೆಂದು.

ಅವರಿಗಿಂತ ಮುಂಚೆ ನಾನು ಬರುತ್ತಿದ್ದೇನೆ. ಒಳಗೆ ಕರೆಯಬೇಡಿ, ನೀರು ಕೂಡ ಕೊಡಬೇಡಿ. ಅಂಗಳದಲ್ಲಿ ನಿಂತೇ ಊರವರ ಮುಂದೆ ಹೇಳುತ್ತೇನೆ — ತಪ್ಪು ಶರಣಮ್ಮನದಲ್ಲ, ನನ್ನದು.